ದ್ವೀಪದ ರಜೆಯಲ್ಲಿ ಬೇಟೆ: ದೋಣಿ ಬುಕ್ ಮಾಡಿದಷ್ಟು ಸುಲಭವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪ್ರವಾಸ ಪುರವಣಿಯಲ್ಲಿ ಮನೆಮಂದಿಯೆಲ್ಲ ಸೇರಿ ದ್ವೀಪಗಳಲ್ಲಿ ರಜೆ ಕಳೆಯುವ ಬಗ್ಗೆ ಪುಟ ತುಂಬ ಲೇಖನ ಬಂದಿತ್ತು. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ‘ಏನೇನು ಮಾಡಬಹುದು’ ಅನ್ನುವ ಕಡೆ ದೋಣಿ ವಿಹಾರ, ಈಜು, ಬೇಟೆ ಅಂತ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೀರಿ. ಯಾವ ದ್ವೀಪದಲ್ಲಿ, ಯಾವ ಪ್ರಾಣಿ, ಯಾರ ಅಪ್ಪಣೆ ಬೇಕು? ಒಂದಕ್ಷರ ಇಲ್ಲ. ಅದರ ಪಕ್ಕದಲ್ಲೇ ಅಂಡಮಾನ್ ಪ್ಯಾಕೇಜಿನ ಜಾಹೀರಾತು. ಓದಿದವರು ಏನಂತ ತಿಳಿದುಕೊಳ್ಳಬೇಕು?

ಸದ್ಯಕ್ಕೆ ಇದು ನನಗೆ ಮನೆ ವಿಷಯ. ಮಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಈ ಆಗಸ್ಟ್‌ಗೆ ನಮ್ಮಿಬ್ಬರನ್ನು ಕರೆಸಿಕೊಂಡು, ಸೊಸೆ, ಮೊಮ್ಮಗಳ ಜೊತೆ ಅಮೆರಿಕದ್ದೇ ರಾಜ್ಯವಾದ ಹವಾಯಿಯ ಮಾವಿ ದ್ವೀಪಕ್ಕೆ ಹೋಗೋಣ ಅಂತಿದ್ದಾನೆ. ಅದರಲ್ಲಿ ಒಂದು ದಿನ ಅವನಿಗೆ ಜಿಂಕೆ ಬೇಟೆಗೆ ಹೋಗಬೇಕಂತೆ. ‘ಅಪ್ಪಾ, ನೀನೂ ಬಾ, ಒಂದ್ ಗುಂಡು ಹೊಡಿಯಾಕ ಸಿಗ್ತದ’ ಅಂದ. ಫೋನ್ ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿ, ‘ನಾ ಸಮುದ್ರ ನೋಡಾಕ ಬರ್ತೀನಪ, ಹೆಣ ನೋಡಾಕಲ್ಲ’ ಅಂದಳು. ಅಲ್ಲಿಂದ ಶುರುವಾದ ವಿಚಾರಣೆ ಇನ್ನೂ ಮುಗಿದಿಲ್ಲ. ಹವಾಯಿ ಗಡಿಯಾರ ನಮಗಿಂತ ಹದಿನೈದೂವರೆ ಗಂಟೆ ಹಿಂದೆ. ಅಲ್ಲಿನವರಿಗೆ ಫೋನ್ ಮಾಡಿ ವಿಚಾರಿಸೋದು, ಮತ್ತೆ ನಮಗೆ ಹೇಳೋದು ಎಲ್ಲ ಅವನೇ ಮಾಡುತ್ತಿದ್ದಾನೆ. ಹಾಗೆ ತಿಳಿದದ್ದನ್ನು ಬರೆಯುತ್ತೇನೆ. ನಿಮ್ಮ ಲೇಖನದಲ್ಲಿ ಇದೇ ಇರಬೇಕಿತ್ತು.

ಮೊದಲು ಪ್ರಾಣಿಯ ಮಾತು. ಮಾವಿಯಲ್ಲಿ ಹೊಡೆಯುವ ಜಿಂಕೆ ನಮ್ಮದೇ ಚುಕ್ಕೆ ಜಿಂಕೆ. ಬಂಡೀಪುರದಲ್ಲಿ ರಸ್ತೆ ಬದಿಗೆ ಮೇಯುತ್ತದಲ್ಲ, ಅದೇ. 1868ರಲ್ಲಿ ಹವಾಯಿಯ ರಾಜ ಐದನೇ ಕಮೆಹಮೆಹಾಗೆ ಹಾಂಗ್‌ಕಾಂಗ್‌ನಿಂದ ಕಾಣಿಕೆಯಾಗಿ ಬಂದವು, ಮೊಲೊಕಾಯಿ ದ್ವೀಪದಲ್ಲಿ ಬಿಟ್ಟರು. ಮಾವಿಗೆ ತಂದು ಬಿಟ್ಟದ್ದು 1959ರಲ್ಲಿ, ಬೇಟೆಯಾಡಲಿಕ್ಕೆ ಅಂತಲೇ. ನಮ್ಮ ಕಾಡಿನಲ್ಲಿ ಹುಲಿ ಇದೆ, ಚಿರತೆ ಇದೆ, ಸೀಳುನಾಯಿ ಇದೆ. ಅಲ್ಲಿ ಯಾವುದೂ ಇಲ್ಲ. ಮನುಷ್ಯ ಬರುವ ಮೊದಲು ಆ ದ್ವೀಪಗಳ ನೆಲದ ಮೇಲೆ ಇದ್ದ ಮೊಲೆಯೂಡುವ ಪ್ರಾಣಿ ಅಂದರೆ ಬಾವಲಿ ಮಾತ್ರ. ಗೊರಸನ್ನೇ ಕಾಣದೆ ಬೆಳೆದ ಗಿಡಮರ ಅವು. ಜಿಂಕೆ ವರ್ಷವಿಡೀ ಮರಿ ಹಾಕುತ್ತದೆ. ಏನಾಗಬೇಕೋ ಅದೇ ಆಯಿತು. ಕಾಡಿನ ಚಿಗುರು ಹೋಯಿತು, ದನದ ಮೇವು ಹೋಯಿತು, ತೋಟದ ಬೆಳೆ ಹೋಯಿತು. ಬರ ಬಿದ್ದು ಮೊಲೊಕಾಯಿಯಲ್ಲಿ ಜಿಂಕೆಗಳು ಮೇವಿಲ್ಲದೆ ಸಾಯತೊಡಗಿದಾಗ, 2021ರ ಆರಂಭದಲ್ಲಿ ಅಲ್ಲಿನ ಗವರ್ನರ್ ತುರ್ತು ಘೋಷಣೆಯನ್ನೇ ಹೊರಡಿಸಬೇಕಾಯಿತು.

ಈ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮದು ಯಲಬುರ್ಗಾ ಕಡೆಯ ಎರೆ ಹೊಲ. ಹಿಂಗಾರಿಗೆ ಕಡಲೆ, ಬಿಳಿಜೋಳ. ಚಿಗರಿ ಹಿಂಡು ಬರುತ್ತದೆ, ಅಂದರೆ ಕೃಷ್ಣಮೃಗ. ಕಡಲೆಯ ಕುಡಿಯನ್ನು ನಾವೇ ಚಿವುಟುತ್ತೇವೆ, ಕವಲೊಡೆಯಲಿ ಅಂತ. ಚಿಗರಿ ಬರೋದು ಅದಾದ ಮೇಲೆ, ಹೂವು ಹಿಡಿಯುವ ಹೊತ್ತಿಗೆ. ಬೆಳಗಿನ ಜಾವ ಹೋದರೆ ಮೆತ್ತನೆಯ ಎರೆಮಣ್ಣಿನಲ್ಲಿ ಗೊರಸಿನ ಎರಡು ಸೀಳು ಅಚ್ಚು ಒತ್ತಿದ ಹಾಗೆ ಸಾಲಾಗಿ ಹೋಗಿರುತ್ತವೆ. ಗಿಡದಲ್ಲಿ ಹೂವೂ ಇಲ್ಲ, ಎಲೆಯೂ ಇಲ್ಲ, ಕಡ್ಡಿ ಅಷ್ಟೇ. ಹೊಲದ ಸುತ್ತ ಹಳೇ ಸೀರೆ ಕಟ್ಟುತ್ತೇವೆ, ರಾತ್ರಿ ಡಬ್ಬ ಬಡಿಯುತ್ತೇವೆ, ಪರಿಹಾರದ ಅರ್ಜಿ ಕೊಡುತ್ತೇವೆ. ಹೊಡೆಯೋ ಮಾತೇ ಇಲ್ಲ. ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ ಅದು. ಇರಲಿ ಬಿಡಿ, ಈ ನೆಲ ಅವಕ್ಕೂ ಹಳೇದು. ಮಾವಿಯ ಜಿಂಕೆಗೆ ಆ ಮಾತು ಹೇಳೋಕಾಗಲ್ಲ. ಅದಕ್ಕೇ ನಾನು ಮಗನಿಗೆ ಬೇಡ ಅನ್ನಲಿಲ್ಲ.

ಆದರೆ ಕಾಗದ ಪತ್ರದ ವಿಷಯ ಕೇಳಿ. ಹವಾಯಿಯಲ್ಲಿ ಬೇಟೆಗೆ ಲೈಸೆನ್ಸ್ ಬೇಕು. ಬೇಟೆ ಸುರಕ್ಷತೆಯ ತರಬೇತಿ ಮುಗಿಸಿದ ಪತ್ರ ಇಲ್ಲದೆ ಲೈಸೆನ್ಸ್ ಸಿಗೋದಿಲ್ಲ. ಅದನ್ನು ರಜೆಗೆ ಹೋದ ಮೇಲೆ ಹೋಟೆಲ್ಲಿನಲ್ಲಿ ಕೂತು ಮಾಡಿಕೊಳ್ಳೋಣ ಅಂದರೆ ರಜೆಯೆಲ್ಲ ಅದರಲ್ಲೇ ಹೋಗುತ್ತದೆ. ಮೊದಲೇ ಮುಗಿಸಿಟ್ಟುಕೊಳ್ಳಬೇಕು. ಸರ್ಕಾರಿ ಜಾಗದಲ್ಲಿ ಬೇಟೆಯಾದರೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಅಂಗಿ ಕಡ್ಡಾಯ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ರಜೆಗೆ ಹೋಗುವವರು ಸಾಮಾನ್ಯವಾಗಿ ಗೈಡ್ ಇಟ್ಟುಕೊಂಡು ಖಾಸಗಿ ಜಮೀನಿಗೇ ಹೋಗೋದು.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ನಮ್ಮ ಕಡೆಯ ಹುಡುಗರಿಗೆ ಯಾರೂ ಹೇಳದ ಮಾತು. ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರು, ನಮ್ಮ ಹಾಗೆ ಬಿ-2 ವೀಸಾದಲ್ಲಿ ಮಕ್ಕಳನ್ನು ನೋಡಲು ಹೋಗುವವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಇದು ಅಲ್ಲಿನ ಕೇಂದ್ರ ಕಾನೂನು. ಅದಕ್ಕೆ ಇರುವ ಕೆಲವು ವಿನಾಯಿತಿಗಳಲ್ಲಿ ನಮಗೆ ಒದಗುವುದು ಒಂದೇ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ನನ್ನ ಮಗನದು ಇನ್ನೂ ಎಚ್-1ಬಿ. ‘ಗೈಡ್‌ನ ಬಂದೂಕು ಅಪ್ಪಾ, ನಮ್ಮದಲ್ಲ’ ಅಂದ. ಯಾರದಾದರೂ ಆಗಲಿ, ಕೈಯಲ್ಲಿ ಹಿಡಿದವನು ನೀನು ತಾನೇ? ಒಂದು ಜಿಂಕೆಗಾಗಿ ವೀಸಾಕ್ಕೆ ಕುತ್ತು ತಂದುಕೊಳ್ಳೋದು ಯಾವ ಜಾಣತನ? ಈಗ ತರಬೇತಿಗೆ ಹೆಸರು ಬರೆಸಿದ್ದಾನೆ. ನಾನಂತೂ ಲೈಸೆನ್ಸಿನ ಉಸಾಬರಿಗೆ ಹೋಗಲ್ಲ. ಬಂದೂಕು ಮುಟ್ಟದೆ ಜೊತೆಗೆ ಹೋಗಿ ದೂರದಲ್ಲಿ ಕೂತು ನೋಡುತ್ತೇನೆ.

ಇನ್ನು ಮನೆಯವರ ಲೆಕ್ಕ. ಜಿಂಕೆ ಮೇಯಲು ಹೊರಬೀಳೋದು ನಸುಕಿಗೆ, ಇಲ್ಲವೇ ಸಂಜೆಗೆ. ಬೇಟೆಗೆ ಹೋಗುವವನು ಕತ್ತಲಲ್ಲೇ ಏಳಬೇಕು. ಬಂದು ಮೈ ತೊಳೆದು ಮಲಗಿದರೆ ಆ ದಿನ ಮುಗಿಯಿತು. ಸೊಸೆ, ಮೊಮ್ಮಗಳು, ನನ್ನ ಹೆಂಡತಿ ಅವತ್ತು ಏನು ಮಾಡಬೇಕು? ಇರೋದು ಒಂದೇ ಬಾಡಿಗೆ ಕಾರು. ಇದನ್ನು ಕೇಳಿದವಳು ನಮ್ಮ ಸೊಸೆ. ಅವಳು ಕೇಳಿದ್ದೇ ಸರಿ. ಕೊನೆಗೆ ಬೇಟೆಯ ದಿನಕ್ಕೆ ಗೈಡ್‌ನೇ ಮನೆ ಬಾಗಿಲಿಗೆ ಬಂದು ಮಗನನ್ನು ಕರೆದುಕೊಂಡು ಹೋಗಬೇಕು, ಕಾರು ಹೆಂಗಸರ ಹತ್ತಿರ ಇರಬೇಕು ಅಂತ ತೀರ್ಮಾನವಾಯಿತು.

ಮಗ ಮೊದಲು ಆರಿಸಿದ ದಿನ ಯಾವುದು ಗೊತ್ತಾ? ಶ್ರಾವಣ ಸೋಮವಾರ! ಅವನಮ್ಮ ಫೋನಿನಲ್ಲೇ ಗದರಿಸಿದಳು. ಶ್ರಾವಣದಲ್ಲಿ ಅವಳಂತೂ ಮಾಂಸ ಮುಟ್ಟೋದಿಲ್ಲ, ಅದು ಹವಾಯಿಯಾದರೂ ಅಷ್ಟೇ. ಹಾಗಾದರೆ ಒಂದು ಜಿಂಕೆಯ ಮಾಂಸ ಯಾರು ತಿನ್ನಬೇಕು? ಇದು ತಮಾಷೆಯ ಪ್ರಶ್ನೆಯಲ್ಲ. ಬಿಸಿಲಿನ ನಾಡು, ಹೊಡೆದ ಕೂಡಲೇ ಕರುಳು ತೆಗೆದು ಐಸಿಗೆ ಹಾಕದಿದ್ದರೆ ಮಾಂಸ ಕೆಡುತ್ತದೆ. ಹೋಟೆಲ್ ರೂಮಿನ ಪುಟ್ಟ ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಇಡಲಿಕ್ಕೇ ಜಾಗ ಸಾಲದು. ಅಡುಗೆಮನೆ ಇರುವ ಬಾಡಿಗೆ ಮನೆಯನ್ನೇ ನೋಡಬೇಕು. ತಿನ್ನುವಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಅಲ್ಲಿನ ಮನೆಗಳಿಗೆ ಕೊಡುವ ಮಾತನ್ನು ಗೈಡ್ ಜೊತೆ ಮೊದಲೇ ಆಡಿಟ್ಟುಕೊಳ್ಳಬೇಕು. ಸೀಸದ ಗುಂಡು ಮೈಯೊಳಗೆ ಚೂರಾಗಿ ಹರಡುತ್ತದೆ. ಮನೆಯಲ್ಲಿ ಮಗು ಇದ್ದರೆ ತಾಮ್ರದ ಗುಂಡು ಕೇಳಿ. ಗಾಯದ ಸುತ್ತಲಿನ ಮಾಂಸ ಬಿಸಾಡಿ. ಇನ್ನೊಂದು ಮಾತು: ಹವಾಯಿಯ ಹಳ್ಳ ತೊರೆಗಳಲ್ಲಿ ಇಲಿ ಜ್ವರದ ಸೋಂಕು ಇರುತ್ತದೆ, ಕಾಡುಹಂದಿಗಳಿಂದಲೂ ಬರುತ್ತದೆ. ಕೈಗವಸು ಇಲ್ಲದೆ ಮಾಂಸಕ್ಕೆ ಕೈ ಹಾಕಬಾರದು. ಕೈಕಾಲಿಗೆ ಗಾಯ ಇದ್ದರೆ ತೊರೆಗೆ ಇಳಿಯಬಾರದು.

ಮಗನ ದೊಡ್ಡ ಆಸೆ ಕೊಂಬು. ಊರಿಗೆ ಕಳಿಸ್ತೀನಿ, ಪಡಸಾಲೆಯಲ್ಲಿ ತೂಗುಹಾಕಿ ಅಂದ. ನಾನು ಖಡಾಖಂಡಿತ ಬೇಡ ಅಂದೆ. ಸುಂಕದವರ ಮಾತು ಆಮೇಲೆ. ಆ ಕೊಂಬು ಚುಕ್ಕೆ ಜಿಂಕೆಯದು. ಹವಾಯಿಯದೋ ಬಂಡೀಪುರದ್ದೋ ಅಂತ ಅದರ ಮೇಲೆ ಬರೆದಿರುತ್ತದಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಇಂಥ ಕೇಸಿನಲ್ಲಿ ವಸ್ತು ಸಿಕ್ಕಿಬಿದ್ದರೆ ಅದು ಅಕ್ರಮವಲ್ಲ ಅಂತ ರುಜುವಾತು ಮಾಡಬೇಕಾದವನು ಇಟ್ಟುಕೊಂಡವನೇ. ಈ ವಯಸ್ಸಿನಲ್ಲಿ ನಾನು ಕೊಪ್ಪಳದ ಕೋರ್ಟಿಗೆ ಹೋಗಿ ಮಾವಿ ದ್ವೀಪದ ಕಥೆ ಹೇಳಬೇಕಾ?

ಹವಾಯಿ ದೂರವಾಯಿತು ಅನ್ನುವವರಿಗೆ ಮಾರಿಷಸ್ ಇದೆ. ಅಲ್ಲಿ 1639ರಲ್ಲಿ ಡಚ್ಚರು ಜಾವಾದಿಂದ ತಂದು ಬಿಟ್ಟ ರೂಸಾ ಜಿಂಕೆಯನ್ನು ಖಾಸಗಿ ಎಸ್ಟೇಟುಗಳಲ್ಲಿ ಬೇಟೆಯಾಡುತ್ತಾರೆ. ಅಲ್ಲಿಗೂ ಪರವಾನಗಿ, ಗೈಡ್, ಋತು ಎಲ್ಲ ವಿಚಾರಿಸಿಯೇ ಹೋಗಬೇಕು.

ಈಗ ಅಂಡಮಾನ್. ಅಲ್ಲೂ ಚುಕ್ಕೆ ಜಿಂಕೆ ಹೊರಗಿನದೇ, ಬ್ರಿಟಿಷರು ತಂದು ಬಿಟ್ಟದ್ದು. ಅಲ್ಲೂ ಅದನ್ನು ಹಿಡಿಯುವ ಹುಲಿ ಚಿರತೆ ಇಲ್ಲ. ಅಲ್ಲೂ ಕಾಡಿನ ಸಸಿಗಳನ್ನು ತಿಂದು ಹಾಳು ಮಾಡಿದೆ. ಹವಾಯಿಯ ಕಥೆಯೇ ಇಲ್ಲೂ ಇದೆಯಲ್ಲ, ಹಾಗಾದರೆ ಬೇಟೆಯೂ ನಡೆಯುತ್ತದೆ ಅಂತ ಯಾರಿಗಾದರೂ ಅನ್ನಿಸೀತು. ನಡೆಯೋದಿಲ್ಲ. ಅದು ನಮ್ಮ ದೇಶ, ಅದೇ 1972ರ ಕಾಯ್ದೆ. ಆ ಕಾಯ್ದೆ ಮುಟ್ಟದೆ ಹಾಗೇ ಉಳಿಸಿರೋದು ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡದವರಿಗೆ ಮೊದಲಿಂದ ಇದ್ದ ಬೇಟೆಯ ಹಕ್ಕನ್ನು, ಪ್ರವಾಸಿಗಳಿಗೆ ಅದು ಸಲ್ಲೋದಿಲ್ಲ. ಪ್ಯಾಕೇಜ್ ದುಡ್ಡು ಕಟ್ಟಿ ಹೋದ ಪ್ರವಾಸಿ ಅಲ್ಲಿ ಜಿಂಕೆಗೆ ಗುರಿಯಿಟ್ಟರೆ ನೇರ ಜೈಲು. ಯುಗಾದಿ ಹೊತ್ತಿಗೆ ನಮ್ಮ ಭಾಗದಲ್ಲಿ ಮೊಲ ಹಿಡಿಯಲು ಗುಂಪು ಕಟ್ಟಿಕೊಂಡು ಹೋಗುವ ರೂಢಿ ಇದೆ. ಅದೂ ಅಪರಾಧ ಅಂತ ಅರಣ್ಯದವರು ಎಷ್ಟು ಹೇಳಿದರೂ ಕೇಳದ ಹುಡುಗರಿದ್ದಾರೆ. ಅಂಥವರ ಕೈಗೆ ನಿಮ್ಮ ಪುರವಣಿ ಸಿಕ್ಕರೆ?

ಮುಂದಿನ ಭಾನುವಾರದ ಪುರವಣಿಯಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಅಂಡಮಾನಿನಲ್ಲಿ ಬೇಟೆ ಇಲ್ಲ ಅಂತ ಇದೊಂದನ್ನು ಸರಿಪಡಿಸಿ ಹಾಕಿ. ಅಂಥ ಹುಡುಗರ ಕೈಗೆ ಸಿಕ್ಕರೆ ಏನು ಅಂತ ನಾನು ಸುಮ್ನೆ ಕೇಳುತ್ತಿಲ್ಲ. ಬಸ್ ಸ್ಟ್ಯಾಂಡಿನ ಹೇರ್ ಕಟಿಂಗ್ ಅಂಗಡಿಯಲ್ಲಿ ಇಬ್ಬರು ಅದೇ ಪುಟ ಹಿಡಿದುಕೊಂಡು ಪೋರ್ಟ್ ಬ್ಲೇರ್‌ಗೆ ವಿಮಾನದ ರೇಟ್ ಎಷ್ಟು ಅಂತ ಮೊಬೈಲಿನಲ್ಲಿ ನೋಡುತ್ತಿದ್ದರು.

ಇಂತಿ,
ನಿಮ್ಮ ಓದುಗ,
ಯಲಬುರ್ಗಾ ತಾಲ್ಲೂಕು, ಕೊಪ್ಪಳ ಜಿಲ್ಲೆ
(ಹೆಸರು ಹಾಕಬೇಡಿ, ಸೊಸೆಯ ತವರಿನವರೂ ನಿಮ್ಮ ಪತ್ರಿಕೆಯನ್ನೇ ಓದುತ್ತಾರೆ.)