ಅದು ಸ್ಟಿಕ್ಕರ್ ಅಲ್ಲ, ಬರೆದವರಿಗೆ ಹೆಸರಿದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಸ್ಕೇಟ್‌ಬೋರ್ಡಿಂಗ್ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಜೊತೆಗೆ ದೊಡ್ಡ ಫೋಟೊ. ಹುಡುಗ ಗಾಳಿಯಲ್ಲಿದ್ದಾನೆ, ಬೋರ್ಡಿನ ಅಡಿಭಾಗ ನೇರ ನಮ್ಮ ಕಡೆಗಿದೆ. ಅಲ್ಲೊಂದು ನೀಲಿ ಕೈ. ಅಂಗೈಯಲ್ಲಿ ಕಿರುಚುವ ಬಾಯಿ, ಹೊರಚಾಚಿದ ನಾಲಿಗೆ. ಕೆಳಗೆ ‘ಬೋರ್ಡಿಗೆ ಅಂಟಿಸಿದ ಆಕರ್ಷಕ ಸ್ಟಿಕ್ಕರ್’ ಅಂತ ಬರೆದಿದ್ದಿರಿ. ಫೋಟೊ ತೆಗೆದವರ ಹೆಸರಿತ್ತು. ಹುಡುಗನ ಹೆಸರೂ ಇತ್ತು. ಚಿತ್ರ ಬರೆದವರ ಹೆಸರು ಮಾತ್ರ ಇರಲಿಲ್ಲ.

ಅವರ ಹೆಸರು ಜಿಮ್ ಫಿಲಿಪ್ಸ್. ಕ್ಯಾಲಿಫೋರ್ನಿಯಾದ ಕಲಾವಿದರು. ಆ ಕೈಯನ್ನು ‘ಸ್ಕ್ರೀಮಿಂಗ್ ಹ್ಯಾಂಡ್’ ಅಂತ ಕರೆಯುತ್ತಾರೆ. 1985ರಲ್ಲಿ ಸಾಂತಾ ಕ್ರೂಜ್ ಎಂಬ ಸ್ಕೇಟ್‌ಬೋರ್ಡ್ ಕಂಪನಿಗಾಗಿ ಬರೆದದ್ದು. ಸ್ಕೇಟ್‌ಬೋರ್ಡ್ ಹತ್ತುವವರಲ್ಲಿ ಆ ಕೈಯನ್ನು ನೋಡದವರು ಸಿಗುವುದು ಕಷ್ಟ.

ನಾನು ಇಪ್ಪತ್ತಾರು ವರ್ಷ ಸ್ಕ್ರೀನ್ ಪ್ರಿಂಟಿಂಗ್ ಮಾಡಿದವನು. ಸ್ಕ್ರೀನ್ ಅಂದರೆ ಚೌಕಟ್ಟಿಗೆ ಬಿಗಿದ ಬಲೆಬಟ್ಟೆ, ಅದರ ಮೂಲಕ ಇಂಕ್ ಇಳಿಸಿ ಅಚ್ಚು ಹಾಕುವುದು. ಮಗಳು ಹದಿಮೂರನೇ ವಯಸ್ಸಿನಲ್ಲಿ ಮೊದಲ ಬೋರ್ಡ್ ತಂದಾಗ ಅದನ್ನು ಮಗುಚಿ ಹಾಕಿ ಬೆರಳಾಡಿಸಿದೆ. ಹಸಿರು ಗೂಬೆ, ಹಳದಿ ಕಣ್ಣು, ಕಪ್ಪು ಗೆರೆ. ಮೂರು ಬಣ್ಣ. ಒಂದರ ಮೇಲೊಂದು ಬಣ್ಣ ಕೂತ ಅಂಚು ಬೆರಳಿಗೆ ಸಿಗುತ್ತಿತ್ತು. ಸ್ಕ್ವೀಜಿ, ಅಂದರೆ ಇಂಕ್ ಒತ್ತುವ ರಬ್ಬರ್ ಪಟ್ಟಿ, ಎಳೆದು ಮಾಡಿದ ಕೆಲಸ ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು.

ಇದು ಎಷ್ಟು ಕಷ್ಟದ ಕೆಲಸ ಅಂತ ನಿಮ್ಮ ಓದುಗರಿಗೂ ಗೊತ್ತಾಗಲಿ. ಕಾಗದ ಚಪ್ಪಟೆಯಾಗಿರುತ್ತದೆ. ಬೋರ್ಡ್ ಹಾಗಲ್ಲ. ಸಾಮಾನ್ಯವಾಗಿ ಮೇಪಲ್ ಮರದ ಏಳು ತೆಳು ಪದರಗಳನ್ನು ಅಂಟು ಹಾಕಿ, ಅಚ್ಚಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಎರಡೂ ತುದಿ ಮೇಲಕ್ಕೆ ಬಾಗಿರುತ್ತವೆ, ಬದಿಗಳೂ ಸ್ವಲ್ಪ ಎದ್ದಿರುತ್ತವೆ. ಮಗುಚಿದರೆ ದೋಣಿಯ ಬೆನ್ನಿನ ಹಾಗೆ. ಅದರ ಮೇಲೆ ಮಾಮೂಲಿ ಸ್ಕ್ರೀನ್ ಇಟ್ಟರೆ ನಡುವೆ ಮಾತ್ರ ತಾಗುತ್ತದೆ, ತುದಿಗೆ ಇಂಕ್ ಇಳಿಯುವುದೇ ಇಲ್ಲ. ಅದಕ್ಕೆ ಹಲಗೆಯ ಜೊತೆ ತಾನೂ ಬಾಗುವ ಸ್ಕ್ರೀನ್ ಬೇಕು. ಆ ಏರಿಳಿತದ ಮೇಲೆ ಸ್ಕ್ವೀಜಿ ಒಂದೇ ಒತ್ತಡದಲ್ಲಿ ಬರಬೇಕು. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಅದು ಒಣಗಿದ ಮೇಲೆ ಮುಂದಿನದು. ಒಂದು ನೂಲಿನಷ್ಟು ಜರುಗಿದರೂ ಗೂಬೆಯ ಕಣ್ಣು ಕೆನ್ನೆಗೆ ಹೋಗಿ ಕೂರುತ್ತದೆ.

ಈಗ ಹೀಟ್ ಟ್ರಾನ್ಸ್‌ಫರ್ ಜಾಸ್ತಿ. ಚಿತ್ರ ಮೊದಲೇ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚಾಗಿರುತ್ತದೆ. ಬಿಸಿ ರೋಲರ್ ಒತ್ತಿ, ಹಾಳೆ ಎಳೆದರೆ ಬಣ್ಣವೆಲ್ಲ ಹಲಗೆಯಲ್ಲಿ ಉಳಿಯುತ್ತದೆ. ಎಷ್ಟೇ ಬಣ್ಣ ಇರಲಿ, ಒಂದೇ ಸಲಕ್ಕೆ ಮುಗಿಯಿತು. ನಿಮ್ಮವರು ಇದನ್ನೇ ಸ್ಟಿಕ್ಕರ್ ಅಂದುಕೊಂಡಿರಬಹುದು. ಈ ವಿಧಾನದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹಾಳೆಯ ಮೇಲಿನ ಚಿತ್ರವನ್ನೂ ಯಾರೋ ಕೂತು ಬರೆದೇ ಇರುತ್ತಾರೆ ಅಲ್ವಾ?

ಹಾಗೆ ಬರೆದವರ ಸಾಲು ದೊಡ್ಡದು. 70ರ ದಶಕದಲ್ಲಿ ‘ಡಾಗ್‌ಟೌನ್’ ಬೋರ್ಡುಗಳ ಮೇಲೆ ವೆಸ್ ಹಂಪ್‌ಸ್ಟನ್ ನೇರವಾಗಿ ಕೈಯಲ್ಲೇ ಬರೆಯುತ್ತಿದ್ದರು. 1978ರಲ್ಲಿ ಶುರುವಾದ ಪವೆಲ್ ಪೆರಾಲ್ಟಾ ಕಂಪನಿಗೆ ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್ ಬರೆದರು. ಆಟಗಾರರ ಹೆಸರಿನ ಬೋರ್ಡುಗಳವು: ಸ್ಟೀವ್ ಕಬಾಯೆರೊ ಬೋರ್ಡಿಗೆ ಡ್ರ್ಯಾಗನ್, ಮೈಕ್ ಮೆಗಿಲ್ ಬೋರ್ಡಿಗೆ ತಲೆಬುರುಡೆ ಮತ್ತು ಹಾವು, ಟೋನಿ ಹಾಕ್ ಬೋರ್ಡಿಗೆ ಹಕ್ಕಿಯ ಬುರುಡೆ. ಆಟಗಾರನ ಮುಖ ನೋಡದವರೂ ಆ ಬುರುಡೆ ನೋಡಿ ಹೆಸರು ಹೇಳುತ್ತಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಟಗಾರ ರಾಬ್ ರಾಸ್ಕಾಪ್ ಅವರ ಬೋರ್ಡುಗಳಿಗೆ ಅದೇ ಜಿಮ್ ಫಿಲಿಪ್ಸ್ ಬರೆದ ಸರಣಿ. ಮೊದಲ ಬೋರ್ಡಿನಲ್ಲಿ ಗುರಿ ಹಲಗೆಯ ಸುತ್ತುಗಳನ್ನು ಸೀಳಿಕೊಂಡು ಒಂದು ಕೈ ಹೊರಗೆ ಬರುತ್ತದೆ. ಮುಂದಿನ ಬೋರ್ಡುಗಳಲ್ಲಿ ಒಳಗಿದ್ದ ರಾಕ್ಷಸ ಹಂತ ಹಂತವಾಗಿ ಕಾಣಿಸಿಕೊಳ್ಳುತ್ತಾನೆ. ಹಳೆಯ ಬೋರ್ಡ್ ಸವೆದು ಹೊಸದು ಕೊಂಡ ಹುಡುಗನಿಗೆ ಕಥೆ ಒಂದು ಹೆಜ್ಜೆ ಮುಂದೆ ಹೋಗಿರುತ್ತಿತ್ತು. ಆ ಕಾಲದ ಬೋರ್ಡ್ ಸುಮಾರು 10 ಇಂಚು ಅಗಲ, ಚಿತ್ರಕ್ಕೆ ಕೈಕಾಲು ಚಾಚಲು ಜಾಗವಿತ್ತು. 90ರ ದಶಕದಲ್ಲಿ ಬೋರ್ಡ್ 8 ಇಂಚಿಗೂ ಕಡಿಮೆಯಾಯಿತು, ಎರಡೂ ತುದಿ ಒಂದೇ ಆಕಾರಕ್ಕೆ ಬಂದವು. ಚಿತ್ರವೂ ಬದಲಾಗಲೇಬೇಕಾಯಿತು. ಮಾರ್ಕ್ ಮಕೀ ವರ್ಲ್ಡ್ ಇಂಡಸ್ಟ್ರೀಸ್ ಕಂಪನಿಗೆ ಬರೆದ ಕಾರ್ಟೂನುಗಳು ಆ ಕಾಲದವು. ಎಡ್ ಟೆಂಪಲ್ಟನ್ ಅಂತೂ ತಾವೇ ಆಟಗಾರ, 1993ರಲ್ಲಿ ಶುರು ಮಾಡಿದ ತಮ್ಮ ಟಾಯ್ ಮಷೀನ್ ಕಂಪನಿಯ ಬೋರ್ಡುಗಳಿಗೆ ತಾವೇ ಬರೆದರು.

ನಿಮ್ಮ ಬರಹದ ಇನ್ನೊಂದು ಮಾತು ನನಗೆ ಜಾಸ್ತಿ ನೋವು ಕೊಟ್ಟಿತು. ನಾಲ್ಕು ದಿನದಲ್ಲಿ ಉಜ್ಜಿ ಹೋಗುವ ಚಿತ್ರ ಸುಮ್ನೆ ತೋರಿಕೆಗೆ ಅಂದಿದ್ದಿರಿ. ಉಜ್ಜಿ ಹೋಗುತ್ತದೆ, ನಿಜ. ಅದು ಹೇಗೆ ಹೋಗುತ್ತದೆ ಅಂತ ಒಮ್ಮೆ ನೋಡಿ. ಮಗಳು ಕಂಬಿಯ ಮೇಲೆ ಬೋರ್ಡನ್ನು ಅಡ್ಡ ಹಾಕಿ ಜಾರುವುದನ್ನು ಕಲಿಯಲು ತಿಂಗಳುಗಟ್ಟಲೆ ಬಿದ್ದಳು. ಹಾಗೆ ಜಾರುವುದಕ್ಕೆ ಬೋರ್ಡ್‌ಸ್ಲೈಡ್ ಅನ್ನುತ್ತಾರೆ. ಒಂದು ಸಂಜೆ ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಬೋರ್ಡ್ ತಿರುಗಿಸಿ ಹಿಡಿದಳು. ‘ಅಪ್ಪಾ, ಗೂಬೆ ಹೊಟ್ಟೆ ನೋಡು!’ ಹೊಟ್ಟೆಯ ಮೇಲೆ ಅಡ್ಡಕ್ಕೆ ನಾಲ್ಕೈದು ಗೀರು. ಹಸಿರು ಹೋಗಿ ಕೆಳಗಿನ ಮರ ಬಿಳಿಚಿಕೊಂಡಿತ್ತು. ಮಂಡಿಯಲ್ಲಿ ರಕ್ತ, ಮುಖದ ತುಂಬ ನಗು.

ಆಮೇಲೆ ನಾನೂ ಬೋರ್ಡ್ ಓದಲು ಕಲಿತೆ. ನಡುವೆ ಸವೆದಿದ್ದರೆ ಕಂಬಿಯ ಮೇಲೆ ಅಡ್ಡ ಜಾರಿದ್ದಾರೆ. ಮೂತಿಯ ಕಡೆ ಬಣ್ಣ ಹೋಗಿದ್ದರೆ ಕಟ್ಟೆಯ ಅಂಚಿಗೆ ಮೂತಿ ಕೊಟ್ಟು ಜಾರಿದ್ದಾರೆ. ಚಕ್ರ ಕೂರಿಸುವ ಟ್ರಕ್ ಮೇಲೆ ಜಾರಿದವರ ಚಿತ್ರ ಹಾಗೇ ಉಳಿದಿರುತ್ತದೆ, ಸವೆಯುವುದು ಟ್ರಕ್ಕಿನ ಲೋಹ. ಬರೆಯುವವರಿಗೆ ಇದೆಲ್ಲ ಗೊತ್ತು. ಚಿತ್ರದ ಮೇಲೆ ಎಂಟು ತೂತು ಬೀಳುತ್ತದೆ, ಟ್ರಕ್ ಎರಡು ಕಡೆ ಮುಚ್ಚುತ್ತದೆ, ಉಳಿದದ್ದನ್ನು ಸಿಮೆಂಟು ಉಜ್ಜುತ್ತದೆ. ಇಷ್ಟಾದರೂ ದೂರದಿಂದ, ಗಾಳಿಯಲ್ಲಿ ಅರೆಕ್ಷಣ ತಿರುಗುವಾಗ ಗುರುತು ಸಿಗಬೇಕು. ಅದಕ್ಕೇ ಆ ದಪ್ಪ ಕಪ್ಪು ಗೆರೆ, ಆ ಗಾಢ ಬಣ್ಣ. ಗೋಡೆಯ ಮೇಲೆ ತೂಗುವ ಎಷ್ಟು ಚಿತ್ರಗಳಿಗೆ ಇಂಥ ಪರೀಕ್ಷೆ ಇದೆ ಹೇಳಿ?

ಗೋಡೆಗೂ ಇವು ಹೋಗಿವೆ. ಸುಪ್ರೀಂ ಎಂಬ ಸ್ಕೇಟ್‌ಬೋರ್ಡ್ ಮತ್ತು ಬಟ್ಟೆ ಕಂಪನಿಯ 248 ಬೋರ್ಡುಗಳ ಪೂರ್ತಿ ಸಂಗ್ರಹ 2019ರಲ್ಲಿ ಸೋಥೆಬೀಸ್ ಹರಾಜಿನಲ್ಲಿ ಮಾರಾಟವಾಯಿತು. ಅವುಗಳಲ್ಲಿ ಡೇಮಿಯನ್ ಹರ್ಸ್ಟ್, ತಕಾಶಿ ಮುರಕಾಮಿ ಮಾಡಿದವೂ ಇದ್ದವು. ಅಲ್ಲಿ ಕಲಾವಿದರ ಹೆಸರು ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಹೆಸರು ತಪ್ಪಿಹೋಗುವುದು ಮಕ್ಕಳ ಕಾಲಡಿಯ ಬೋರ್ಡುಗಳಲ್ಲೇ.

ನಮ್ಮ ಗೂಬೆಯ ವಿಷಯದಲ್ಲೂ ಹಾಗೇ ಆಯಿತು. ಹಲಗೆಯ ಮೇಲೆ ಕಂಪನಿಯ ಹೆಸರಿತ್ತು, ಬರೆದವರದ್ದಿರಲಿಲ್ಲ. ಕಂಪನಿಗೆ ಎರಡು ಸಲ ಬರೆದು ಕೇಳಿದೆ, ಉತ್ತರ ಬರಲಿಲ್ಲ. ಮಗಳು ಈಗ ಮೂರನೇ ಬೋರ್ಡಿನಲ್ಲಿದ್ದಾಳೆ. ಗೂಬೆ ನಡುವೆ ಮುರಿದಾಗ ಹಳದಿ ಕಣ್ಣಿರುವ ತುಂಡನ್ನು ನಾನು ಎತ್ತಿಟ್ಟುಕೊಂಡೆ. ಯಾರ ಕೈ ಅಂತ ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಫೋಟೊದಲ್ಲಿದ್ದ ಕೈ ಯಾರದ್ದು ಅಂತ ಗೊತ್ತಿದೆ. ಮುಂದಿನ ಭಾನುವಾರ ತಿದ್ದುಪಡಿಯ ಜಾಗದಲ್ಲಿ ಒಂದು ಸಾಲು ಹಾಕಿ: ‘ಬೋರ್ಡಿನ ಚಿತ್ರ: ಜಿಮ್ ಫಿಲಿಪ್ಸ್’.

ಇಂತಿ,
ನಿಮ್ಮ ಓದುಗ, ಒಬ್ಬ ಹಳೆಯ ಸ್ಕ್ರೀನ್ ಪ್ರಿಂಟರ್