ಖಳನನ್ನು ಹುಡುಕಿದರಷ್ಟೇ ಸಾಕೇ?

ಮಾನ್ಯ ಸಂಪಾದಕರೇ,

ಭವಿಷ್ಯದ ಕರಾಳ ಸಮಾಜವೊಂದನ್ನು ಕಲ್ಪಿಸುವ ಡಿಸ್ಟೋಪಿಯನ್ ಕಾದಂಬರಿಯನ್ನು ಪದವಿ ತರಗತಿಯಲ್ಲಿ ಪಾಠ ಮಾಡಿದಾಗಲೆಲ್ಲ ಉತ್ತರಪತ್ರಿಕೆಗಳಲ್ಲಿ ಒಂದೇ ಧಾಟಿಯ ಬರಹ ಎದುರಾಗುತ್ತದೆ. ಸರ್ಕಾರ ಕ್ರೂರ, ಜನ ಅಮಾಯಕರು, ನಾಯಕ ಬಂಡಾಯಗಾರ. ಗೈಡುಗಳು ಕಲಿಸುವುದೇ ಇಷ್ಟಾದ್ದರಿಂದ ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಆ ಸಮಾಜ ಯಾವುದನ್ನು ಒಳಿತೆಂದು ನಂಬಿದೆ, ಯಾರನ್ನು ಮೆಚ್ಚುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ಅಧ್ಯಾಪಕರಾದ ನಾವೂ ಕೇಳುವುದು ಅಪರೂಪ.

1953ರಲ್ಲಿ ಪ್ರಕಟವಾದ ರೇ ಬ್ರಾಡ್‌ಬರಿಯವರ ‘ಫ್ಯಾರನ್‌ಹೀಟ್ 451’ ಕಾದಂಬರಿಯನ್ನೇ ತೆಗೆದುಕೊಳ್ಳೋಣ. ಅದರ ಅಗ್ನಿಶಾಮಕರು ಬೆಂಕಿ ಆರಿಸುವವರಲ್ಲ, ಪುಸ್ತಕ ಸುಡುವವರು. ಆದರೆ ಸುಡುವುದು ಅಲ್ಲಿನ ಕಾನೂನು ಮಾತ್ರ. ಆ ಕಾನೂನನ್ನು ಜನರು ಸಹಜವೆಂದು ಒಪ್ಪುವಂತೆ ಮಾಡಿದ ಮೌಲ್ಯಗಳು ಕತೆಯ ಸಣ್ಣಪುಟ್ಟ ವಿವರಗಳಲ್ಲಿ ಅಡಗಿವೆ. ನಾಯಕ ಮೊಂಟಾಗ್‌ನ ಹೆಂಡತಿ ಮಿಲ್ಡ್ರೆಡ್‌ಗೆ ಮೂರು ಗೋಡೆಗಳನ್ನು ತುಂಬುವ ಟಿ.ವಿ. ಸಾಲದು, ಗಂಡನ ವರ್ಷದ ಸಂಬಳದ ಮೂರನೇ ಒಂದು ಪಾಲನ್ನು, ಅಂದರೆ 2,000 ಡಾಲರ್‌ಗಳನ್ನು, ನಾಲ್ಕನೆಯ ಗೋಡೆಗೆ ಸುರಿಯುವುದು ಅವಳಿಗೆ ದೊಡ್ಡ ವಿಷಯವೇ ಅಲ್ಲ. ನೆರೆಮನೆಯ ಹುಡುಗಿ ಕ್ಲಾರಿಸ್‌ಳ ಮಾವ ಹೆದ್ದಾರಿಯಲ್ಲಿ ಗಂಟೆಗೆ 40 ಮೈಲಿಯಷ್ಟು ನಿಧಾನವಾಗಿ ಕಾರು ಓಡಿಸಿದ್ದಕ್ಕೆ 2 ದಿನ ಸೆರೆವಾಸ ಅನುಭವಿಸುತ್ತಾನೆ. ಮನೆಗಳ ಮುಂದಿನ ಜಗಲಿಗಳು ಮಾಯವಾಗಿರುವುದಕ್ಕೆ ಅಂದವನ್ನು ನೆಪವಾಗಿ ಹೇಳಲಾಗುತ್ತದೆ, ನಿಜವಾದ ಕಾರಣ ಮಾತ್ರ ಜನ ಅಲ್ಲಿ ಸುಮ್ಮನೆ ಕುಳಿತು ಮಾತಾಡಬಾರದೆಂಬುದು ಎಂದು ಅವನೇ ಹೇಳಿದ್ದಾನೆ. (ನಮ್ಮ ಊರುಗಳ ಮಕ್ಕಳಿಗೆ ಜಗಲಿಯ ಮಹತ್ವವನ್ನು ಬೇರೆ ವಿವರಿಸಬೇಕಿಲ್ಲ.) ನಿದ್ರೆಮಾತ್ರೆಗಳನ್ನು ಮಿತಿಮೀರಿ ನುಂಗಿದ ಮಿಲ್ಡ್ರೆಡ್‌ಳನ್ನು ಬದುಕಿಸಲು ಬರುವವರು ವೈದ್ಯರಲ್ಲ, ಯಂತ್ರ ಹೊತ್ತ ಇಬ್ಬರು ಕೆಲಸಗಾರರು, ಒಂದು ರಾತ್ರಿಗೆ ಇಂಥ ಒಂಬತ್ತು ಹತ್ತು ಪ್ರಕರಣ ನೋಡುತ್ತೇವೆಂದು ಅವರು ಸಲೀಸಾಗಿ ಹೇಳುತ್ತಾರೆ. ಸುಖವೇ ಪರಮಗುರಿ ಎನ್ನುವ ಸಮಾಜದಲ್ಲಿ ಇದು ದಿನನಿತ್ಯದ ಸಂಗತಿಯಾದದ್ದು ಹೇಗೆಂದು ಕೇಳಿದ ಕೂಡಲೇ ತರಗತಿಯ ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಪಾತ್ರವೊಂದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದನ್ನೂ ಇಲ್ಲಿ ಕಲಿಸಬಹುದು. ಓದು ಸತ್ತದ್ದು ಸರ್ಕಾರದ ಆಜ್ಞೆಯಿಂದಲ್ಲ, ಯಾರಿಗೂ ನೋವಾಗಬಾರದು, ಎಲ್ಲವೂ ಚುಟುಕಾಗಿ ಬೇಗ ಮುಗಿಯಬೇಕು ಎಂಬ ಜನರ ಬಯಕೆಯಿಂದಲೇ ಎಂದು ಅಗ್ನಿಶಾಮಕರ ಮುಖ್ಯಸ್ಥ ಬೀಟಿ ವಾದಿಸುತ್ತಾನೆ. ಅವನು ವ್ಯವಸ್ಥೆಯ ಕಾವಲುಗಾರ. ಜನರ ಮೇಲೆ ಹೊಣೆ ಹೊರಿಸುವುದು ಅವನಿಗೆ ಅನುಕೂಲವೆಂದು ಚುರುಕಾದ ವಿದ್ಯಾರ್ಥಿ ಶಂಕಿಸಬೇಕು. ಆದರೆ ಅದೇ ವ್ಯವಸ್ಥೆಗೆ ಹೆದರಿ ಬದುಕುತ್ತಿರುವ ಹಳೆಯ ಪ್ರಾಧ್ಯಾಪಕ ಫೇಬರ್ ಕೂಡ, ಜನ ತಾವಾಗಿಯೇ ಓದು ಬಿಟ್ಟರು ಎನ್ನುತ್ತಾನೆ. ಎದುರು ಬಣದ ಇಬ್ಬರೂ ಒಂದೇ ಸಾಕ್ಷ್ಯ ನುಡಿದಾಗ ಅದರ ತೂಕ ಹೆಚ್ಚುತ್ತದೆ. ‘ಸರ್ಕಾರ ಕ್ರೂರ’ ಎಂಬ ಗೈಡಿನ ಉತ್ತರ ಇಲ್ಲಿಗೆ ಬಂದು ಮುಗ್ಗರಿಸುತ್ತದೆ.

ಈ ಕೃತಿಗೇ ಬಂದ ಗತಿಯೂ ಪಾಠಕ್ಕೆ ಯೋಗ್ಯವಾಗಿದೆ. 1967ರಲ್ಲಿ ಅದರ ಪ್ರಕಾಶಕರು ಶಾಲೆಗಳಿಗೆಂದು ಹೊರತಂದ ಆವೃತ್ತಿಯಲ್ಲಿ ಬೈಗುಳದಂಥ ಪದಗಳನ್ನು ಸದ್ದಿಲ್ಲದೆ ತೆಗೆದು ಹಲವು ಭಾಗಗಳನ್ನು ತಿದ್ದಿದರು. ಅದು ಲೇಖಕರ ಗಮನಕ್ಕೆ ಬಂದು ಮೂಲಪಾಠ ಮರಳಲು 1970ರ ದಶಕದ ಕೊನೆಯವರೆಗೂ ಕಾಯಬೇಕಾಯಿತು. ಆ ತಿದ್ದುಪಡಿಯ ಹಿಂದಿದ್ದದ್ದು ಯಾವ ಸರ್ವಾಧಿಕಾರಿಯ ಆಜ್ಞೆಯೂ ಅಲ್ಲ, ಮಕ್ಕಳ ಹಿತವೆಂಬ ಸದುದ್ದೇಶ!

ಆದ್ದರಿಂದ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ‘ಕಾದಂಬರಿಯ ವಸ್ತುವನ್ನು ವಿವರಿಸಿರಿ’ ಎಂಬ ಸವೆದ ಪ್ರಶ್ನೆಯ ಬದಲು, ಪಠ್ಯದಿಂದ ಅರ್ಧ ಪುಟವನ್ನು ಪ್ರಶ್ನೆಪತ್ರಿಕೆಯಲ್ಲೇ ಕೊಟ್ಟು, ಇದರ ಆಧಾರದ ಮೇಲೆ ಈ ಸಮಾಜ ಯಾವುದನ್ನು ಗೌರವಿಸುತ್ತದೆ, ಆ ತೀರ್ಮಾನಕ್ಕೆ ಪುರಾವೆಯೇನು ಎಂದು ಕೇಳಲಿ. ಸಿದ್ಧ ಉತ್ತರ ಇಲ್ಲದ್ದರಿಂದ ಮೌಲ್ಯಮಾಪಕರಿಗೆ ಶ್ರಮ ಹೆಚ್ಚುವುದು ನಿಜ. ಮೊದಲಿಗೆ ಆಂತರಿಕ ಪರೀಕ್ಷೆಯ ಹತ್ತು ಅಂಕಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿದರೂ ಆದೀತು.

— ಪದವಿ ಕಾಲೇಜಿನ ಇಂಗ್ಲಿಷ್ ಅಧ್ಯಾಪಕ, ಧಾರವಾಡ