ಪ್ರಶ್ನಾವಳಿ ಅಚ್ಚಾಗುವ ಮೊದಲೇ ನಮ್ಮನ್ನು ಕೇಳಿ

ಮಾನ್ಯರೇ,

ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರ ಆಶಾ ಕಾರ್ಯಕರ್ತೆ. ಊರಿಗೆ ಬರುವ ಸಂಶೋಧನಾ ತಂಡಗಳಿಗೆ ಮನೆ ತೋರಿಸುವುದೂ ಈಗ ನನ್ನ ಕೆಲಸವೇ ಆಗಿಹೋಗಿದೆ. ನಮ್ಮ ಭಾಗದ ಬೋರುಗಳಲ್ಲಿ ಫ್ಲೋರೈಡ್ ಜಾಸ್ತಿ, ಅದು ಹಲ್ಲಿಗೆ ಕಲೆ, ಕೀಲಿಗೆ ನೋವು ತರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವುದೇ. ಹಾಗಾಗಿ ಹಲ್ಲು ನೋಡುವವರು, ಮಂಡಿ ನೋಡುವವರು, ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋಗುವವರು ಬರುತ್ತಲೇ ಇರುತ್ತಾರೆ. ಬರಬೇಡಿ ಎನ್ನಲು ಈ ಪತ್ರ ಬರೆಯುತ್ತಿಲ್ಲ.

ಕಳೆದ ವರ್ಷ ಬಂದಿದ್ದ ಒಂದು ತಂಡದ ಪ್ರಶ್ನಾವಳಿಯಲ್ಲಿ ‘ಕುಡಿಯುವ ನೀರಿನ ಮೂಲ ಯಾವುದು?’ ಎಂದು ಕೇಳಿದ್ದರು. ಹೆಚ್ಚುಕಡಿಮೆ ಎಲ್ಲ ಮನೆಯವರೂ ‘ಫಿಲ್ಟರ್ ನೀರು’ ಅಂದರು. ಸುಳ್ಳಲ್ಲ. ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡೇ ಬರುತ್ತಾರೆ. ಆದರೆ ಆ ನೀರು ಲೋಟಕ್ಕೆ ಮಾತ್ರ. ಮುದ್ದೆಗೆ ಎಸರಿಡುವುದು, ಸಾರಿಗೆ ಬೇಳೆ ಬೇಯಿಸುವುದು ನಲ್ಲಿಯಲ್ಲಿ ಬರುವ ಬೋರ್ ನೀರಿನಲ್ಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ. ಶೇಂಗಾ ಕೀಳುವ ಹಂಗಾಮಿನಲ್ಲಂತೂ ಬೆಳಿಗ್ಗೆಯಿಂದ ಸಂಜೆವರೆಗೆ ಹೊಲದಲ್ಲಿರುವ ಹೆಂಗಸರು ಯಾರ ಹೊಲಕ್ಕೆ ಕೂಲಿಗೆ ಹೋಗಿದ್ದಾರೋ ಆ ಹೊಲದ ಬೋರಿಗೇ ಬೊಗಸೆ ಒಡ್ಡುತ್ತಾರೆ. ಘಟಕ ಕೆಟ್ಟು ನಿಂತ ದಿನಗಳದ್ದು ಬೇರೆಯೇ ಕಥೆ. ಇದಿಷ್ಟೂ ಹಾಳೆಯ ಮೇಲೆ ಒಂದು ಟಿಕ್ ಗುರುತಾಗಿ ಮುಗಿಯಿತು.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು ಎನ್ನುತ್ತದೆ ನಮ್ಮ ದೇಶದ ಮಾನಕ. ಘಟಕದ ನೀರು ಈ ಪರೀಕ್ಷೆಯಲ್ಲಿ ಪಾಸಾಗಿ, ಅದನ್ನೇ ಕುಡಿಯುತ್ತೇವೆ ಅಂದವರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಕಂಡರೆ ವರದಿ ಬರೆಯುವವರು ತಲೆ ಕೆಡಿಸಿಕೊಳ್ಳಬೇಕಾದೀತು. ಪ್ರಶ್ನೆ ಅಚ್ಚು ಹಾಕಿಸುವ ಮೊದಲು ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರ ಜೊತೆ ಒಂದು ಸಂಜೆ ಕೂತಿದ್ದರೆ ಸಾಕಿತ್ತು.

ಒಪ್ಪಿಗೆ ಪತ್ರದ ವಿಷಯ ಇನ್ನೂ ಸೂಕ್ಷ್ಮ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ, ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು ಎಂಬುದು ನಿಯಮ. ಸಾಕ್ಷಿ ಸಹಿಗೆ ಹಾಳೆ ನನ್ನ ಕೈಗೇ ಬಂತು. ತಂಡವನ್ನು ಮನೆ ಬಾಗಿಲಿಗೆ ಕರೆತಂದವಳು ನಾನು, ಸಾಕ್ಷಿಯೂ ನಾನೇ ಆದರೆ ಹೇಗೆ? ಹಾಕುವುದಿಲ್ಲ ಅಂದೆ. ‘ಆಶಾ ಅಕ್ಕ ಬಂದವಳೆ, ಆಗಲ್ಲ ಅಂದ್ರೆ ಬೇಜಾರ್ ಮಾಡ್ಕಂತಾಳೆ’ ಎಂದು ಒಪ್ಪಿಕೊಂಡವರು ಎಷ್ಟೋ ಜನ. ಬೇಡ ಅಂದರೆ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವುದಿಲ್ಲವೇನೋ ಎಂಬ ಅಳುಕೂ ಹಲವರಿಗಿದೆ. ಸೊಸೆಯ ಒಪ್ಪಿಗೆಯನ್ನು ಅತ್ತೆಯ ಎದುರಿಗೇ ಕೇಳಿದರೆ ಉತ್ತರ ಕೊಡುವುದು ಅತ್ತೆ. ಹೊರಗಿನಿಂದ ಬಂದ ಹುಡುಗ ಹುಡುಗಿಯರಿಗೆ ಇದು ಗೊತ್ತಾಗುವುದಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ, ಸಂಶೋಧನೆ ಶುರುವಾಗುವ ಮುಂಚೆಯೂ ನಡೆಯುವಾಗಲೂ ಮುಗಿದ ಮೇಲೂ ಸಮುದಾಯದ ಜೊತೆ ಮಾತುಕತೆ ಇರಬೇಕು ಎಂದಿದೆ. ನಮ್ಮಲ್ಲಿ ನಡೆಯುವುದು ನಡುವಿನ ಭಾಗ ಮಾತ್ರ. ಗೊಲ್ಲರಹಟ್ಟಿಯ ಅಜ್ಜಿಯೊಬ್ಬರು ನಾನು ಕಂಡಾಗಲೆಲ್ಲ ಕೇಳುತ್ತಾರೆ: ‘ಹಲ್ಲು ನೋಡಿದ್ರು, ಮಂಡಿ ಬಗ್ಗಿಸಿ ನೋಡಿದ್ರು, ಮೊಮ್ಮಗನ ಉಚ್ಚೆನೂ ಡಬ್ಬೀಲಿ ತಗಂಡೋದ್ರು. ಏನಂತೆ ಕಣವ್ವ?’ ಅವರಿಗೆ ಬೇಕಿರುವುದು ಇಂಗ್ಲಿಷ್ ಪ್ರಬಂಧವಲ್ಲ. ಯಾವ ಬೋರಿನಲ್ಲಿ ಎಷ್ಟು ಫ್ಲೋರೈಡ್ ಸಿಕ್ಕಿತು ಎಂದು ಮಿನಿ ಟ್ಯಾಂಕಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ ಹೋಗಬಹುದಿತ್ತು. ಕಾಯಂ ಹಲ್ಲಿನ ಮೇಲೆ ಕಲೆ ಬೀಳುವುದು ಆ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ. ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಗುವವರೆಗೆ ಕಾಯಿರಿ ಅಂದರೆ, ಇವತ್ತಿನ ಕೂಸು ಅಷ್ಟರಲ್ಲಿ ಶಾಲೆ ಸೇರಿರುತ್ತದೆ.

ಹಳ್ಳಿಯವರನ್ನು ಸೇರಿಸಿಕೊಂಡರೆ ವಿಜ್ಞಾನ ಸಡಿಲವಾಗುತ್ತದೆ ಎನ್ನುವವರು ಮಹಾರಾಷ್ಟ್ರದ ಗಡಚಿರೋಲಿಯನ್ನು ನೋಡಲಿ. ಅಭಯ್ ಬಂಗ್, ರಾಣಿ ಬಂಗ್ ಎಂಬ ವೈದ್ಯ ದಂಪತಿ ಅಲ್ಲಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಕೂಸುಗಳ ತೂಕ ಹಾಕುವುದರಿಂದ ಹಿಡಿದು ಸೋಂಕಿಗೆ ಚಿಕಿತ್ಸೆ ಕೊಡುವವರೆಗೆ ಕಲಿಸಿದರು. ನವಜಾತ ಶಿಶುಗಳ ಮರಣ ಶೇ 62ರಷ್ಟು ಇಳಿಯಿತೆಂದು 1999ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯಾದ 3, 7, 14, 21, 28, 42ನೇ ದಿನ ನಾನು ಬಾಣಂತಿಯ ಮನೆಗೆ ತಕ್ಕಡಿ ಹಿಡಿದು ಹೋಗುತ್ತೇನಲ್ಲ, ಅದರ ಮೂಲ ಅಲ್ಲಿದೆ.

ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ವೈದ್ಯಕೀಯದವರಲ್ಲದ, ಸ್ಥಳೀಯ ಭಾಷೆ ಬಲ್ಲ ಜನಸಾಮಾನ್ಯರೊಬ್ಬರು ಇರಲೇಬೇಕು. ಆರೋಗ್ಯದ ಕೆಲಸದಲ್ಲಿರುವ ನನಗೆ ಆ ಕುರ್ಚಿ ಸಿಗದು, ಇರಲಿ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರಿನ ಹಳ್ಳಿಗಳಲ್ಲಿ ಅಧ್ಯಯನ ಮಾಡುವ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳು ನಮ್ಮ ಸ್ತ್ರೀಶಕ್ತಿ ಸಂಘಗಳಲ್ಲಿ ಓದುಬರಹ ಬಲ್ಲ ಒಬ್ಬ ಹೆಂಗಸನ್ನು ಅಲ್ಲಿ ಕೂರಿಸಲಿ. ಕಡತವನ್ನು ಕನ್ನಡದಲ್ಲಿ, ವಾರ ಮುಂಚೆ ಕಳಿಸಲಿ. ಬಸ್ ಚಾರ್ಜಿನ ಜೊತೆಗೆ ಅವಳು ಬಿಟ್ಟು ಬಂದ ಆ ದಿನದ ಕೂಲಿಯನ್ನೂ ಕೊಡಲಿ.

— ಆಶಾ ಕಾರ್ಯಕರ್ತೆ, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ